ಓದೋಕೆ ಸಂಬಳ ಕೊಡ್ತಾರಂತೆ!

ನಮ್ಮ ಹಾಸ್ಟೆಲ್‌ನಲ್ಲಿ ಪ್ಲೇಸ್‌ಮೆಂಟ್ ಮಾತು ಎರಡನೇ ವರ್ಷಕ್ಕೇ ಶುರುವಾಗುತ್ತದೆ. ಇದರ ಮಧ್ಯೆ ಯಾರಾದರೂ ‘ನಂಗೆ ಪಿಎಚ್‌ಡಿ ಮಾಡ್ಬೇಕು’ ಅಂದರೆ ‘ಇನ್ನೂ ಐದು ವರ್ಷ ಓದ್ತೀಯಾ? ದುಡ್ಡು ಯಾರು ಕೊಡ್ತಾರೆ?’ ಅಂತಾರೆ. ಮನೆಯಲ್ಲೂ ಅದೇ ಪ್ರಶ್ನೆ. ನಮ್ಮಲ್ಲಿ ಹಲವರು ಎಜುಕೇಶನ್ ಲೋನ್ ಮೇಲೆ ಓದುತ್ತಿರುವವರು, ಆದ್ದರಿಂದ ನಕ್ಕು ಸುಮ್ಮನಾಗೋ ಹಾಗಿಲ್ಲ. ನಾವು ನಾಲ್ಕು ಜನ ಉತ್ತರ ಹುಡುಕೋಕೆ ಕೂತೆವು.

ಮೊದಲ ಖುಷಿ ಬೆಂಗಳೂರಲ್ಲೇ ಸಿಕ್ಕಿತು. ಐಐಎಸ್‌ಸಿಯಲ್ಲಿ ಎಂಜಿನಿಯರಿಂಗ್ ಪಿಎಚ್‌ಡಿಗೆ ಎಂಟೆಕ್ ಇಲ್ಲದೆ, ಬಿಇ ಮತ್ತು ಗೇಟ್ ಸ್ಕೋರ್ ಮೇಲೆ ಅರ್ಜಿ ಹಾಕಬಹುದು. ಕೇಂದ್ರ ಸರ್ಕಾರದ ಜೂನಿಯರ್ ರಿಸರ್ಚ್ ಫೆಲೋಶಿಪ್ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ಎರಡು ವರ್ಷದ ನಂತರ ಸೀನಿಯರ್ ಆದರೆ 42,000.

ಜರ್ಮನಿಯಲ್ಲಿ ಸಾಮಾನ್ಯವಾಗಿ ಮಾಸ್ಟರ್ಸ್ ಕೇಳುತ್ತಾರೆ. ಅಲ್ಲಿ ಎಷ್ಟೋ ಪಿಎಚ್‌ಡಿ ಸೀಟುಗಳು ನೌಕರಿಯ ಹಾಗೇ ಜಾಹೀರಾತಿನಲ್ಲಿ ಬರುತ್ತವೆ. ಇ13 ದರ್ಜೆಯ ಸಂಬಳ ಅಂತ ಬರೆದಿದ್ದರೂ ಪಕ್ಕದಲ್ಲಿ ಎಷ್ಟು ಪರ್ಸೆಂಟ್ ಹುದ್ದೆ ಅಂತ ನೋಡಲೇಬೇಕು. 50 ಪರ್ಸೆಂಟ್ ಅಂದರೆ ಅರ್ಧ ಸಂಬಳ. ಅಮೆರಿಕದಲ್ಲಿ ಬಿಇ ಮುಗಿಸಿ ನೇರ ಸೇರಲೂ ಅವಕಾಶವಿದೆ. ಟೀಚಿಂಗ್ ಅಥವಾ ರಿಸರ್ಚ್ ಅಸಿಸ್ಟೆಂಟ್ ಕೆಲಸ ಸಿಕ್ಕರೆ ಸಾಮಾನ್ಯವಾಗಿ ಫೀಸು ಮನ್ನಾ, ಜೊತೆಗೆ ಸ್ಟೈಪೆಂಡ್.

ಆದರೆ ಸೀಟು ಸಿಕ್ಕಿದ ಮಾತ್ರಕ್ಕೆ ದುಡ್ಡೂ ಸಿಕ್ಕಿತು ಅಂತ ಅಂದುಕೊಳ್ಳಬೇಡಿ. ದುಡ್ಡು ಎಲ್ಲಿಂದ ಬರುತ್ತೆ, ಎಷ್ಟು ವರ್ಷ ಬರುತ್ತೆ, ಗೈಡ್‌ರ ಪ್ರಾಜೆಕ್ಟ್ ಮಧ್ಯದಲ್ಲೇ ಮುಗಿದರೆ ಏನು ಗತಿ, ಇವಿಷ್ಟನ್ನೂ ಸೇರುವ ಮೊದಲೇ ಕೇಳಬೇಕು. ಕೇಳೋಕೆ ಸಂಕೋಚ ಯಾಕೆ? ಕೆಲಸಕ್ಕೆ ಸೇರುವಾಗ ಸಂಬಳ ಕೇಳಲ್ವಾ? ಹಾಗೇ ಪ್ರೊಫೆಸರ್‌ಗೆ ಬರೆಯುವ ಮುಂಚೆ ಅವರ ಎರಡು ಪೇಪರ್ ಆದರೂ ಓದಿರಬೇಕು. ಐವತ್ತು ಜನಕ್ಕೆ ಒಂದೇ ‘ರೆಸ್ಪೆಕ್ಟೆಡ್ ಸರ್’ ಮೇಲ್ ಕಳಿಸಿದರೆ ಉತ್ತರ ಬರೋದು ಕಷ್ಟ. ಅವರ ಹತ್ತಿರ ಈಗ ಇರುವ ವಿದ್ಯಾರ್ಥಿಗಳನ್ನೂ ಮಾತಾಡಿಸಬೇಕು. ಐದು ವರ್ಷ ಜೊತೆಗಿರೋದು ಗೈಡ್, ಕಾಲೇಜಿನ ಹೆಸರಲ್ಲ.

ಇಷ್ಟೆಲ್ಲ ಗೊತ್ತಾದ ಮೇಲೂ 37,000ದಲ್ಲಿ ಲೋನ್ ಕಂತು ಕಟ್ಟಿ ಮನೆಗೂ ಕಳಿಸೋದು ಸುಲಭವಲ್ಲ. ನಮ್ಮಲ್ಲೊಬ್ಬಳ ಸಂಬಳಕ್ಕೆ ಅವಳ ತಂಗಿಯ ಕಾಲೇಜು ಕಾದು ಕೂತಿದೆ. ಅವಳಿಗೆ ‘ಪ್ಯಾಶನ್ ಫಾಲೋ ಮಾಡು’ ಅಂತ ಹೇಳೋಕೆ ನಮಗೆ ಬಾಯಿ ಬರಲಿಲ್ಲ. ದಾರಿ ಅವಳೇ ಕಂಡುಕೊಂಡಳು. ಗೇಟ್ ಸ್ಕೋರ್‌ಗೆ ಮೂರು ವರ್ಷ ಮಾನ್ಯತೆ ಇದೆ. ಕೊನೆಯ ವರ್ಷ ಪರೀಕ್ಷೆ ಬರೆದು, ಎರಡು ವರ್ಷ ದುಡಿದು, ಅದೇ ಸ್ಕೋರ್ ಹಿಡಿದು ಅರ್ಜಿ ಹಾಕ್ತಾಳಂತೆ. ಈಗ ನಾವು ನಾಲ್ಕೂ ಜನ ಅವಳ ಜೊತೆ ದಿನಾ ಒಂದು ಗಂಟೆ ಮ್ಯಾಥ್ಸ್‌ಗೆ ಕೂರುತ್ತಿದ್ದೇವೆ. ಬರೋರು ಬನ್ನಿ, ಜಾಗ ಇದೆ.