ಆಮೆಗೆ ಇಕ್ಕುವ ತುತ್ತು

ಅಕ್ಕರೆಯಿಂದ ಇಕ್ಕಿದ್ದೆಲ್ಲವೂ ಪಥ್ಯವಾಗದು. ಐಶ್ವರ್ಯ ಬರುವುದೆಂದು ನಂಬಿ ನಕ್ಷತ್ರ ಆಮೆಯನ್ನು ಮನೆಗೆ ತಂದು, ಹಾಲು, ಅನ್ನ, ಬ್ರೆಡ್ಡು ತಿನ್ನಿಸುವವರುಂಟು. ಅದರ ಕರುಳಿಗೆ ಇವು ಒಗ್ಗವು. ಹುಲ್ಲು, ಸೊಪ್ಪು, ಉದುರಿದ ಹೂವು, ಪಾಪಾಸುಕಳ್ಳಿ ಇವೇ ಅದರ ನಿಜವಾದ ಊಟ. ಸುಣ್ಣದ ಅಂಶವೂ ಬಿಸಿಲೂ ಸಾಲದಿದ್ದರೆ ಬೆಳೆಯುವ ಆಮೆಯ ಚಿಪ್ಪು ಮೆತ್ತಗಾಗಿ ವಿಕಾರಗೊಳ್ಳುತ್ತದೆ. ಹರೂರಿನ ಸುತ್ತಲಿನಂಥ ಒಣ ಕುರುಚಲು ನೆಲ ಇವೆಲ್ಲವನ್ನೂ ಕೇಳದೆಯೇ ಕೊಡುತ್ತದೆ; ಮನೆಯ ತೊಟ್ಟಿ ಕೊಡಲಾರದು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಈ ಆಮೆಯನ್ನು ಹಿಡಿದು ಸಾಕಲು ಬಿಡದು. ಈಗಾಗಲೇ ಮನೆ ಸೇರಿದ್ದರೆ ಅರಣ್ಯ ಇಲಾಖೆಗೆ ಒಪ್ಪಿಸುವುದು ಲೇಸು. ಕಂಡಲ್ಲಿ ಬಿಟ್ಟರೆ ಕಾಡಿನ ಆಮೆಗಳಿಗೆ ರೋಗ ಹರಡೀತು. ಹೊಲದ ಬದುವಿನಲ್ಲಿ ಕಂಡ ಆಮೆಯನ್ನು ಮುಟ್ಟದೆ ದೂರದಿಂದ ನೋಡಿ ಸಂತೋಷಪಡಲು ಮಕ್ಕಳಿಗೆ ಕಲಿಸಿದರೆ, ಅದಕ್ಕೆ ಹೊಟ್ಟೆ ತುಂಬ ಉಣಿಸಿದಂತೆಯೇ ಸರಿ.