ಹಿಕ್ಕೆಯಂಥ ಹುಳ

ನಮ್ಮದು 30×40 ಸೈಟಿನ ಮನೆ. ಹಿತ್ತಲು ಅಂತ ಹೇಳಿಕೊಳ್ಳೋದು ಆರಡಿ ಅಗಲದ ಜಾಗ. ಅದರಲ್ಲೇ ಬಟ್ಟೆ ಒಗೆಯೋ ಕಲ್ಲು, ಸಂಪು, ಒಂದು ದಾಸವಾಳ, ಎರಡು ಕರಿಬೇವಿನ ಗಿಡ. ಕ್ಯಾಮೆರಾ ಕೊಂಡಾಗ ತಲೆಯಲ್ಲಿದ್ದದ್ದು ಕಬಿನಿ, ಬಂಡೀಪುರ, ಹುಲಿ. ಎರಡು ವರ್ಷದಲ್ಲಿ ಕಬಿನಿಗೆ ಹೋಗಿದ್ದು ಒಂದೇ ಸಲ, ಅದೂ ಆಫೀಸಿನವರ ಜೊತೆ. ಕಂಡಿದ್ದು ಜಿಂಕೆ. ಹಾಗಾಗಿ ಹುಲಿಯಿಂದ ಹುಳಕ್ಕೆ ಇಳಿದೆ.

ಮ್ಯಾಕ್ರೋ ಲೆನ್ಸಿನ ಬೆಲೆ ಕೇಳಿ ಸುಮ್ಮನಾಗಿದ್ದೆ. ಆಮೇಲೆ ಗೊತ್ತಾಯ್ತು, ಕ್ಯಾಮೆರಾ ಜೊತೆ ಬಂದ 18-55 ಲೆನ್ಸನ್ನೇ ಹಿಂದುಮುಂದು ಮಾಡಿ ಕೂರಿಸೋಕೆ ಒಂದು ರಿಂಗ್ ಸಿಗುತ್ತೆ. ಹಾಗೆ ಹಾಕಿದರೆ ಇರುವೆಯ ಕಣ್ಣೂ ಕಾಣುತ್ತೆ. ಆದರೆ ಆಟೋಫೋಕಸ್ ಇಲ್ಲ. ನಾವೇ ಕೂದಲೆಳೆಯಷ್ಟು ಹಿಂದೆ ಮುಂದೆ ಆಗಬೇಕು. ಜೋರಾಗಿ ಉಸಿರು ಬಿಟ್ಟರೂ ಫೋಟೋ ಹಾಳು.

ಒಂದು ಭಾನುವಾರ ಬೆಳಿಗ್ಗೆ ಹೀಗೆ ಉಸಿರು ಹಿಡಿದು ಕರಿಬೇವಿನ ಎಲೆ ಮುಂದೆ ಕೂತಿದ್ದೆ. ಅಮ್ಮ ಒಗ್ಗರಣೆಗೆ ಎಲೆ ಕೀಳೋಕೆ ಬಂದಳು.

"ಏನೋ ಅದು, ಹಕ್ಕಿ ಹಿಕ್ಕೆ ಫೋಟೋ ತೆಗೀತಿದೀಯ?"

ಅವಳು ಹೇಳಿದ್ದು ತಪ್ಪೇನಲ್ಲ. ಕಾಮನ್ ಮಾರ್ಮನ್ ಅನ್ನೋ ಕಪ್ಪು ಚಿಟ್ಟೆ ಕರಿಬೇವು, ನಿಂಬೆ ಗಿಡಗಳ ಮೇಲೆ ಮೊಟ್ಟೆ ಇಡುತ್ತೆ. ಅದರ ಮರಿಹುಳ ಐದು ಹಂತದಲ್ಲಿ ಬೆಳೆಯುತ್ತೆ. ಮೊದಲ ನಾಲ್ಕರಲ್ಲಿ ಥೇಟ್ ಹಿಕ್ಕೆಯ ಬಣ್ಣ, ಕಂದಿನ ನಡುವೆ ಬಿಳಿ. ಹಿಕ್ಕೆಯನ್ನ ಯಾವ ಹಕ್ಕಿ ತಿನ್ನುತ್ತೆ? ಐದನೇ ಹಂತಕ್ಕೆ ಬಂದಾಗ ಎಲೆಯಷ್ಟೇ ಹಸಿರು. ಮುಟ್ಟಿದರೆ ತಲೆ ಹಿಂದಿನಿಂದ ಕವಲೊಡೆದ ಕೆಂಪು ಕೊಂಬು ಹೊರಚಾಚಿ ಘಾಟು ವಾಸನೆ ಬಿಡುತ್ತೆ.

ಒಂದೂವರೆ ವಾರದಲ್ಲಿ ಅದು ಕಿರುಬೆರಳಿನಷ್ಟಾಯ್ತು, ಹಸಿರೂ ಆಯ್ತು. ಅಮ್ಮನ್ನ ಕರೆದು ತೋರಿಸಿದೆ.

"ಎಲ್ಲೋ?"

"ಅಲ್ಲೇ ಇದೆಯಲ್ಲಮ್ಮ, ನಿನ್ನ ಮೂಗಿನ ಕೆಳಗೆ."

ಅವಳು ಪಕ್ಕದ ಟೊಂಗೆ ನೋಡಿ, "ಹೂಂ, ಚೆನ್ನಾಗಿದೆ" ಅಂದಳು.

ನಾನು ನಕ್ಕೆ. ಹುಳದ ವೇಷ ಅಷ್ಟು ಪಕ್ಕಾ ಇದೆ ಅಂತ ಖುಷಿಯೂ ಆಯ್ತು. ರಾತ್ರಿ ಲ್ಯಾಪ್‌ಟಾಪಿನಲ್ಲಿ ಅದೇ ಹುಳವನ್ನ ಪರದೆ ತುಂಬಾ ದೊಡ್ಡದು ಮಾಡಿದಾಗ, ಹಿಂದೆ ನಿಂತಿದ್ದ ಅಮ್ಮ ಹತ್ತಿರ ಬಂದಳು. ಇನ್ನೂ ಹತ್ತಿರ ಬಂದಳು. ಮೂಗು ಪರದೆಗೆ ತಾಗೋ ಹಾಗೆ ಬಗ್ಗಿ, "ಅಯ್ಯೋ, ಇದಾ? ಇದು ಕಾಣ್ತಾ ಇದೆ" ಅಂದಳು.

ಆಗ ತಟ್ಟಿತು. ಪೇಪರ್ ಓದೋದು ಯಾಕೆ ಬಿಟ್ಟೆ ಅಂದರೆ "ಅದೇ ರಾಜಕೀಯ ಕಣೋ" ಅಂತಿದ್ದಳು. ಮೊರದಲ್ಲಿ ಅಕ್ಕಿ ಆರಿಸುವಾಗ ನೋಡೋದಕ್ಕಿಂತ ಬೆರಳಲ್ಲಿ ತಡಕೋದೇ ಹೆಚ್ಚಾಗಿತ್ತು. ಹೋದ ತಿಂಗಳು ಉಪ್ಪಿಟ್ಟಿನಲ್ಲಿ ಹುಳ ಸಿಕ್ಕಾಗ, ಪ್ರೋಟೀನು ಅಂತ ತಮಾಷೆ ಮಾಡಿ ತಟ್ಟೆ ಪಕ್ಕಕ್ಕಿಟ್ಟಿದ್ದೆ. ಅವಳೂ ನಕ್ಕಿದ್ದಳು. ಕೇಳಿದರೆ, "ಒಂದು ವರ್ಷದಿಂದ ಹೊಗೆ ಕವಿದ ಹಾಗಿದೆ. ವಯಸ್ಸಾಯ್ತಲ್ಲ, ನಿಂಗ್ಯಾಕೆ ಹೇಳಿ ತಲೆ ತಿನ್ನಲಿ ಅಂತ" ಅಂದಳು.

ಮಿಡತೆಯ ಕಾಲಿನ ಮುಳ್ಳು ಎಣಿಸ್ತಿದ್ದವನು ನಾನು. ದಿನಾ ಎದುರಿಗೆ ಕೂತು ಊಟ ಬಡಿಸೋಳ ಕಣ್ಣನ್ನ ನೋಡಿರಲಿಲ್ಲ.

ಡಾಕ್ಟರು ಎರಡೂ ಕಣ್ಣಿಗೆ ಪೊರೆ ಬಂದಿದೆ ಅಂದರು. ಮೊದಲು ಬಲಗಣ್ಣಿನ ಆಪರೇಷನ್ ಗೊತ್ತಾಯ್ತು. ಆ ಹೊತ್ತಿಗೆ ಹುಳ ಸೊಂಟಕ್ಕೆ ಒಂದೆಳೆ ರೇಷ್ಮೆ ಕಟ್ಟಿಕೊಂಡು, ಟೊಂಗೆಗೆ ಒರಗಿ ಕೋಶವಾಗಿತ್ತು. ಚಿಟ್ಟೆ ಹೊರಬರೋ ಫೋಟೋ ತೆಗೀಬೇಕು ಅಂತ ದಿನ ಎಣಿಸ್ತಿದ್ದೆ. ಆಪರೇಷನ್ ದಿನ ಬೆಳಿಗ್ಗೆ ನೋಡಿದರೆ ಕೋಶ ಕಪ್ಪಾಗಿತ್ತು. ಒಳಗಿನ ರೆಕ್ಕೆ ಬಣ್ಣ ಹೊರಗೆ ಕಾಣ್ತಿದೆ ಅಂದರೆ ಇನ್ನು ಕೆಲವೇ ಗಂಟೆ. ಆಟೋ ಗೇಟಿನ ಮುಂದೆ ಹಾರನ್ ಹೊಡೀತಿತ್ತು. ಕ್ಯಾಮೆರಾ ಒಳಗಿಟ್ಟು ಹೊರಟೆ. ಸಂಜೆ ಬಂದಾಗ ಖಾಲಿ ಸಿಪ್ಪೆ ನೇತಾಡ್ತಿತ್ತು.

ಅಮ್ಮನ ಕಣ್ಣಿಗೂ ಹೊಸ ಲೆನ್ಸು ಬಂತು. "ನಿಂದಕ್ಕಿಂತ ದುಬಾರಿ, ಗೊತ್ತಾ?" ಅಂತ ಬಂದವರೆದುರೆಲ್ಲ ನನ್ನ ಕಾಲೆಳೆದಳು. ಮೂರು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಹಿತ್ತಲಿನಿಂದ ಕೂಗಿದಳು: "ಲೋ, ಕ್ಯಾಮೆರಾ ತಾರೋ! ನಿನ್ನ ಹುಳ ಬಂದಿದೆ!"

ಓಡಿಹೋಗಿ, ಮಂಡಿಯೂರಿ, ಉಸಿರು ಹಿಡಿದು ಫೋಕಸ್ ಮಾಡಿದೆ. ಕಾಲಿಲ್ಲ, ತಲೆಯಿಲ್ಲ. ನಿಜವಾದ ಹಿಕ್ಕೆ.

ಆದರೂ ನಾಲ್ಕು ಫೋಟೋ ತೆಗೆದೆ.