ಕಾರಣ ಬರೆಯದ ಸೊನ್ನೆ

ಮಾಘಮಾಸದ ಒಂದು ಮುಂಜಾವು. ರೋಣದ ನಮ್ಮ ಮನೆಯ ಪಡಸಾಲೆಯಲ್ಲಿ ಪೂಜೆ ಮುಗಿಸಿ ಕುಳಿತಿದ್ದೆವು. ನೆರೆಮನೆಯ ಕಟ್ಟೆಯ ಮೇಲಿಂದ ಬಾಲಕಿಯೊಬ್ಬಳ ಕಂಠ ತೇಲಿಬರುತ್ತಿತ್ತು. ಏರಿಳಿತವಿಲ್ಲದ, ಬಿಡುವಿಲ್ಲದ ಆ ಧಾಟಿಯನ್ನು ಕೇಳಿ ಯಾವುದೋ ಸ್ತೋತ್ರಪಠಣವೆಂದೇ ಮೊದಲಿಗೆ ಭಾವಿಸಿದೆವು. ಕಿವಿಗೊಟ್ಟಾಗ ತಿಳಿಯಿತು, ಅದು ಪೈಥಾಗೊರಸನ ಪ್ರಮೇಯ. ದತ್ತ, ಸಾಧನೀಯ, ರಚನೆ, ಸಾಧನೆ ಎಲ್ಲವೂ ಒಂದೇ ಉಸಿರಿನಲ್ಲಿ ಹರಿದುಬರುತ್ತಿದ್ದವು.

ಹತ್ತನೆಯ ತರಗತಿಯ ಮಗು ಅದು. ಕರೆದು ಕೂಡಿಸಿಕೊಂಡು ಹೇಳಿಸಿದೆವು. ಒಂದಕ್ಷರವೂ ತಪ್ಪಲಿಲ್ಲ. ಅನಂತರ ಅದೇ ತ್ರಿಭುಜವನ್ನು ಸ್ವಲ್ಪ ಓರೆಯಾಗಿ ಬರೆದು, ಎಬಿಸಿ ಎಂಬ ಹೆಸರಿನ ಬದಲು ಪಿಕ್ಯೂಆರ್ ಎಂದು ಗುರುತಿಸಿ, ಈಗ ಹೇಳೆಂದೆವು. ಮಗು ನಮ್ಮ ಮುಖವನ್ನೊಮ್ಮೆ, ಹಾಳೆಯನ್ನೊಮ್ಮೆ ನೋಡಿತು.

"ಅಜ್ಜಾರ, ಇದು ನಮ್ಮ ಪುಸ್ತಕದಾಗ ಇಲ್ರೀ."

ನಮಗೆ ನಗು ಬರಲಿಲ್ಲ. ಮೂವತ್ತು ವರ್ಷಗಳಿಗೂ ಮಿಕ್ಕಿ ನರಗುಂದ, ಗಜೇಂದ್ರಗಡ, ರೋಣಗಳ ಪ್ರೌಢಶಾಲೆಗಳಲ್ಲಿ ಗಣಿತ ಕಲಿಸಿದವರು ನಾವು. ಆ ಮಗುವಿನ ಉತ್ತರದಲ್ಲಿ ನಮ್ಮಂಥ ಮಾಸ್ತರರ ಪಾಲೂ ಇದೆಯೆಂಬುದನ್ನು ಬಲ್ಲೆವು. ಪ್ರಮೇಯದ ಅಂಕಗಳು ಕಂಠಪಾಠಕ್ಕೆ ದಕ್ಕುವ ಅಂಕಗಳೆಂದು, ಲೆಕ್ಕದಲ್ಲಿ ಹಿಂದುಳಿದ ಮಕ್ಕಳನ್ನು ದಡ ಸೇರಿಸಲು ಅದೇ ಹರಿಗೋಲೆಂದು ನಾವೇ ಹೇಳಿಕೊಟ್ಟದ್ದುಂಟು. ಗೈಡು ಅಚ್ಚು ಹಾಕುವವರನ್ನು ಮಾತ್ರ ದೂರಿ ಫಲವಿಲ್ಲ.

ಈ ಪತ್ರಿಕೆಯನ್ನೋದುವ ತಾಯಂದಿರಲ್ಲಿ ಎಷ್ಟೋ ಜನ ರೇಖಾಗಣಿತವನ್ನು ಶಾಲೆಯಲ್ಲಿಯೇ ಬಿಟ್ಟುಬಂದವರು. ಅವರಿಗಾಗಿ ಎರಡು ಮಾತು. ಪ್ರಮೇಯದ ಸಾಧನೆಯನ್ನು ಬರೆಯುವಾಗ ಹಾಳೆಯನ್ನು ಎರಡು ಪಾಲು ಮಾಡುವುದು ರೂಢಿ. ಎಡಗಡೆ ಹೇಳಿಕೆ, ಬಲಗಡೆ ಕಾರಣ. ಎಡಗಡೆ ಎರಡು ಕೋನಗಳು ಸಮವೆಂದು ಬರೆದೊಡನೆ, ಏಕೆ ಸಮವೆಂಬುದನ್ನು ಬಲಗಡೆ ಬರೆಯಬೇಕು. ಎಡಗಡೆ ಮಾಡಿದ ಸಾಲವನ್ನು ಬಲಗಡೆ ತೀರಿಸಿದಂತೆ. ಮಕ್ಕಳು ಎರಡೂ ಪಾಲನ್ನು ಒಟ್ಟಿಗೆ ಬಾಯಿಪಾಠ ಮಾಡಿದರೆ ಸಾಲವೂ ಸುಳ್ಳು, ತೀರಿಕೆಯೂ ಸುಳ್ಳು.

ನಾವು ನರಗುಂದಕ್ಕೆ ಹೋದದ್ದು 1981ರಲ್ಲಿ. ಅದಕ್ಕೆ ಹಿಂದಿನ ವರ್ಷ, 1980ರ ಜುಲೈ 21ರಂದು, ಅಲ್ಲಿ ರೈತ ಬಂಡಾಯ ನಡೆದುಹೋಗಿತ್ತು. ಮಲಪ್ರಭಾ ಕಾಲುವೆಯ ಪ್ರದೇಶದ ಹೊಲಗಳ ಮೇಲೆ ಎಕರೆಗಿಷ್ಟೆಂದು ಹೇರಿದ ಬೆಟರ್‌ಮೆಂಟ್ ಲೆವಿ ಆ ಬಂಡಾಯದ ಕಾರಣಗಳಲ್ಲೊಂದು. ಹೀಗಾಗಿ ಎಕರೆ, ಗುಂಟೆ ಎಂಬ ಮಾತುಗಳು ಅಲ್ಲಿನ ಮಕ್ಕಳಿಗೆ ಪುಸ್ತಕದ ಮಾತುಗಳಾಗಿರಲಿಲ್ಲ. 33 ಅಡಿ ಉದ್ದ, 33 ಅಡಿ ಅಗಲವಿದ್ದರೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ ಎಂಬುದನ್ನು ನಮಗಿಂತ ಚೆನ್ನಾಗಿ ಬಲ್ಲವರಿದ್ದರು.

ಒಂದು ದಿನ ಚತುರ್ಭುಜದ ಪಾಠ ನಡೆದಿತ್ತು. ನಾಲ್ಕೂ ಬದಿಗೆ ಹತ್ತು ಹತ್ತು ಸರಪಳಿ ಇರುವ ಹೊಲದ ವಿಸ್ತೀರ್ಣವೆಷ್ಟೆಂದು ಕೇಳಿದೆವು. 33 ಅಡಿಯ ಸರಪಳಿ. ಒಬ್ಬ ಹುಡುಗ ಥಟ್ಟನೆ, "ನೂರು ಗುಂಟೆ, ಎರಡೂವರೆ ಎಕರೆರೀ" ಎಂದನು. ಎದುರುಬದುರಿನ ಬದುಗಳನ್ನು ಕೂಡಿಸಿ ಅರ್ಧ ಮಾಡಿ, ಆ ಎರಡು ಅರ್ಧಗಳನ್ನು ಗುಣಿಸುವುದು ಅವನ ಮನೆಯ ಲೆಕ್ಕ. ಅವನಪ್ಪ ಹಾಗೆಯೇ ಅಳೆಯುವನಂತೆ. ಅದು ತಪ್ಪೆಂದು ಹೇಳಿದರೆ ಅಪ್ಪನನ್ನೇ ತಪ್ಪೆಂದಂತೆ. ಆದ್ದರಿಂದ ನಾವೇನೂ ಹೇಳದೆ ಮರುದಿನ ನಾಲ್ಕು ಸಮನಾದ ಜೋಳದ ದಂಟುಗಳನ್ನು ತರಿಸಿ, ಮೂಲೆಗಳಿಗೆ ಜಾಲಿಯ ಮುಳ್ಳು ಚುಚ್ಚಿ, ಚೌಕ ಮಾಡಿಸಿದೆವು. ಒಂದು ಮೂಲೆಯನ್ನು ಹಿಡಿದು ಮೆಲ್ಲಗೆ ತಳ್ಳಲು ಹೇಳಿದೆವು. ಚೌಕವು ವಾಲಿ ವಜ್ರಾಕೃತಿಯಾಯಿತು. ಇನ್ನೂ ತಳ್ಳಿದಾಗ ದಂಟುಗಳು ಒಂದರ ಮೇಲೊಂದು ಬಿದ್ದು ಒಳಗಿನ ಜಾಗವೇ ಇಲ್ಲವಾಯಿತು. ಬದುಗಳು ಮಾತ್ರ ಅವೇ ನಾಲ್ಕು, ಅಷ್ಟೇ ಉದ್ದ.

ತರಗತಿ ಸುಮ್ಮನಾಯಿತು. ಆ ಹುಡುಗನೇ ಎದ್ದು, "ಹಂಗಾದ್ರ ನಡುವಿಂದೂ ಅಳೀಬೇಕಲ್ರೀ ಸರ್" ಎಂದನು. ಐದನೆಯ ದಂಟನ್ನು ಮೂಲೆಯಿಂದ ಮೂಲೆಗೆ ಚುಚ್ಚಿದವನೂ ಅವನೇ. ಆಮೇಲೆ ಎಷ್ಟು ತಳ್ಳಿದರೂ ಅದು ಕದಲಲಿಲ್ಲ. ಮೂರು ಬಾಹುಗಳು ನಿಶ್ಚಿತವಾದರೆ ತ್ರಿಭುಜವೂ ನಿಶ್ಚಿತವೆಂಬ ಬಾಹು-ಬಾಹು-ಬಾಹು ನಿಯಮವನ್ನು ಕರಿಹಲಗೆಯ ಮೇಲೆ ಬರೆಯುವ ಮುನ್ನವೇ ಅವರು ಕೈಯಲ್ಲಿ ಹಿಡಿದಿದ್ದರು. ಆ ಹೊಲದ ನಡುವಿನ ಒಂದು ಕರ್ಣ 12 ಸರಪಳಿಯಾದರೆ ಇನ್ನೊಂದು 16. ಆಗ ವಿಸ್ತೀರ್ಣ 96 ಗುಂಟೆ, ಅಂದರೆ 2 ಎಕರೆ 16 ಗುಂಟೆ. ನಾಲ್ಕು ಗುಂಟೆ ಎಲ್ಲಿ ಹೋಯಿತೆಂಬುದು ಅಂದು ಎಷ್ಟೋ ಮನೆಗಳಲ್ಲಿ ಊಟದ ಹೊತ್ತಿನ ಮಾತಾಯಿತೆಂದು ಮರುದಿನ ತಿಳಿದೆವು.

ಆ ಹುಡುಗನ ತಂದೆಯ ಲೆಕ್ಕ ಬರಿಯ ಹಳ್ಳಿಯ ಅಜ್ಞಾನವೇನಲ್ಲ. 628ರಲ್ಲಿ ರಚಿತವಾದ ಬ್ರಹ್ಮಸ್ಫುಟಸಿದ್ಧಾಂತದಲ್ಲಿ ಬ್ರಹ್ಮಗುಪ್ತನು ಅದೇ ಲೆಕ್ಕವನ್ನು ಹೇಳಿ, ಅದು ಸ್ಥೂಲವೆಂದು ಎಚ್ಚರಿಸಿ, ಸೂಕ್ಷ್ಮಕ್ಕೆ ಬೇರೆ ಸೂತ್ರ ಕೊಟ್ಟಿದ್ದಾನೆ. ಆ ಸೂತ್ರವೂ ನಾಲ್ಕು ಮೂಲೆಗಳು ಒಂದೇ ವೃತ್ತದ ಮೇಲೆ ಕುಳಿತಾಗ ಮಾತ್ರ ಸರಿ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ಕನ್ನಡದಲ್ಲಿಯೇ ಕ್ಷೇತ್ರಗಣಿತವನ್ನು ಬರೆದನು. ಕಾರಣ ಹೇಳುವುದಕ್ಕೆ ನಮ್ಮ ಹಿರಿಯರು ಉಪಪತ್ತಿ ಎಂದು ಹೆಸರಿಟ್ಟಿದ್ದರು. ಭಾಸ್ಕರಾಚಾರ್ಯನ ಲೀಲಾವತಿಗೆ ಗಣೇಶ ದೈವಜ್ಞನು 1545ರಲ್ಲಿ ಬರೆದ ವ್ಯಾಖ್ಯಾನದಲ್ಲಿ ಅಂಥ ಉಪಪತ್ತಿಗಳು ಹೇರಳವಾಗಿವೆ. ಏಕೆಂದು ಕೇಳುವುದು ಪರದೇಶದಿಂದ ಬಂದ ಚಾಳಿ ಎಂಬ ಮಾತನ್ನು ಆಗಾಗ ಕೇಳುವುದರಿಂದ ಇಷ್ಟು ಹೇಳಬೇಕಾಯಿತು.

ನರಗುಂದದಲ್ಲಿ ಇಷ್ಟನ್ನು ಕಲಿತ ನಾವು ಗಜೇಂದ್ರಗಡದಲ್ಲಿ ಎಡವಿದೆವು. ಆ ಮಾತಿಗಾಗಿಯೇ ಈ ಲೇಖನ.

ಅದು 1992. ಆಗಿನ್ನೂ ನಮ್ಮದು ಧಾರವಾಡ ಜಿಲ್ಲೆ. ಗದಗ ಜಿಲ್ಲೆಯಾದದ್ದು 1997ರಲ್ಲಿ. ಇಂದು ತಾನೇ ತಾಲೂಕು ಕೇಂದ್ರವಾಗಿರುವ ಗಜೇಂದ್ರಗಡ ಅಂದು ರೋಣ ತಾಲೂಕಿನದು. ಕೋಟೆಯ ಗುಡ್ಡದ ಕೆಳಗೆ ಓಣಿ ಓಣಿಗಳಲ್ಲಿ ಮಗ್ಗದ ಸದ್ದು. ನಮ್ಮ ಒಂಬತ್ತನೆಯ ತರಗತಿಯಲ್ಲಿ ನೇಕಾರರ ಮನೆಯ ಹುಡುಗಿಯೊಬ್ಬಳಿದ್ದಳು. ಮುಂಜಾನೆ ಕಂಡಿಕೆ ಸುತ್ತಿಕೊಟ್ಟು ಶಾಲೆಗೆ ಬರುವವಳು. ಮಾತು ಕಡಿಮೆ.

ವಾರ್ಷಿಕ ಪರೀಕ್ಷೆಯಲ್ಲಿ ಸಮದ್ವಿಬಾಹು ತ್ರಿಭುಜದ ಪ್ರಮೇಯ ಕೇಳಿದ್ದೆವು. ಎರಡು ಬಾಹುಗಳು ಸಮವಿದ್ದರೆ ಅವುಗಳ ಎದುರಿನ ಕೋನಗಳೂ ಸಮವೆಂದು ಸಾಧಿಸಬೇಕು. ಪುಸ್ತಕದ ಕ್ರಮದಂತೆ ಮೇಲಿನ ಕೋನವನ್ನು ಅರ್ಧಿಸುವ ರೇಖೆಯೊಂದನ್ನು ಎಳೆದು, ತ್ರಿಭುಜವನ್ನು ಎರಡು ಮಾಡಿ, ಅವೆರಡೂ ಸರ್ವಸಮವೆಂದು ತೋರಿಸಬೇಕು. ಆ ಹುಡುಗಿ ಯಾವ ರೇಖೆಯನ್ನೂ ಎಳೆದಿರಲಿಲ್ಲ. ರಚನೆ ಎಂಬಲ್ಲಿ "ಇಲ್ಲ" ಎಂದು ಬರೆದಿದ್ದಳು. ಅದರ ಕೆಳಗೆ ನಾಲ್ಕೇ ಸಾಲು. ತ್ರಿಭುಜ ಎಬಿಸಿ ಮತ್ತು ತ್ರಿಭುಜ ಎಸಿಬಿಗಳಲ್ಲಿ, ಎಬಿಯು ಎಸಿಗೆ ಸಮ, ದತ್ತ. ಎಸಿಯು ಎಬಿಗೆ ಸಮ, ದತ್ತ. ಕೋನ ಎ ಎರಡಕ್ಕೂ ಸಾಮಾನ್ಯ. ಬಾಹು-ಕೋನ-ಬಾಹು ನಿಯಮದಂತೆ ಸರ್ವಸಮ, ಆದ್ದರಿಂದ ಕೋನ ಬಿಯು ಕೋನ ಸಿಗೆ ಸಮ.

ಒಂದೇ ತ್ರಿಭುಜವನ್ನು ಎರಡು ಬಾರಿ ಬರೆದಿದ್ದಾಳೆ, ಪಾಠ ಮರೆತು ಏನೋ ಗೀಚಿದ್ದಾಳೆ ಎಂದುಕೊಂಡೆವು. ರಾತ್ರಿ ಬಹಳವಾಗಿತ್ತು, ಎದುರಿಗೆ ಇನ್ನೂ ಉತ್ತರಪತ್ರಿಕೆಗಳ ಕಟ್ಟು ಇತ್ತು. ಕೆಂಪು ಮಸಿಯಲ್ಲಿ ಅಡ್ಡಗೆರೆ ಎಳೆದು ಸೊನ್ನೆ ಹಾಕಿದೆವು. ಆಕೆ ತೇರ್ಗಡೆಯಾದಳು, ನಿಜ. ಹತ್ತನೆಯ ತರಗತಿಯಲ್ಲಿಯೂ ನಮ್ಮ ಕೈಯಲ್ಲಿಯೇ ಓದಿದಳು. ಆದರೆ ಒಮ್ಮೆಯೂ ಕೈ ಎತ್ತಲಿಲ್ಲ. ಎಸ್.ಎಸ್.ಎಲ್.ಸಿ. ಆದಮೇಲೆ ಓದು ನಿಂತಿತು. ಅದು ನಮ್ಮ ಸೊನ್ನೆಯಿಂದಲೇ ನಿಂತಿತೆಂದು ಹೇಳಲಾರೆವು. ಮನೆಯ ಕಷ್ಟಗಳೂ ಇದ್ದವು. ಅದರಿಂದಲ್ಲವೆಂದೂ ಹೇಳಲಾರೆವು.

1998ರಲ್ಲಿ ತರಬೇತಿಗೆಂದು ಧಾರವಾಡಕ್ಕೆ ಹೋದಾಗ ಗ್ರಂಥಾಲಯವೊಂದರಲ್ಲಿ ಹೀತ್ ಎಂಬ ವಿದ್ವಾಂಸನು 1908ರಲ್ಲಿ ಇಂಗ್ಲಿಷಿಗೆ ತಂದ ಯೂಕ್ಲಿಡ್‌ನ ಗ್ರಂಥ ಕೈಗೆ ಸಿಕ್ಕಿತು. ಮೊದಲ ಭಾಗದ ಐದನೆಯ ಪ್ರಮೇಯವೇ ಈ ಸಮದ್ವಿಬಾಹು ತ್ರಿಭುಜದ್ದು. ಅದರ ಕೆಳಗಿನ ಟಿಪ್ಪಣಿಯನ್ನೋದುತ್ತ ನಮ್ಮ ಕೈ ತಣ್ಣಗಾಯಿತು. ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯ ಪಟ್ಟಣದಲ್ಲಿದ್ದ ಪ್ಯಾಪಸ್ ಎಂಬ ಗಣಿತಜ್ಞನು ಯಾವ ರೇಖೆಯನ್ನೂ ಎಳೆಯದೆ, ತ್ರಿಭುಜವನ್ನು ಅದರ ತಿರುವಿನೊಂದಿಗೇ ಹೋಲಿಸಿ ಇದನ್ನು ಸಾಧಿಸಿದ್ದನಂತೆ. ನಾಲ್ಕು ಸಾಲು. ನೇಕಾರರ ಹುಡುಗಿ ಬರೆದ ಅವೇ ನಾಲ್ಕು ಸಾಲು.

ಅಷ್ಟೇ ಅಲ್ಲ. ಪುಸ್ತಕದಲ್ಲಿ ನಾವು ಕಲಿಸುವ ಕ್ರಮಕ್ಕಿಂತ ಅದು ಹೆಚ್ಚು ಶುದ್ಧ. ಕೋನವನ್ನು ಅರ್ಧಿಸುವ ರೀತಿ ಸರಿಯೆಂದು ಯೂಕ್ಲಿಡ್ ತೋರಿಸುವುದು ಒಂಬತ್ತನೆಯ ಪ್ರಮೇಯದಲ್ಲಿ. ಅದು ಎಂಟನೆಯದನ್ನು, ಎಂಟನೆಯದು ಏಳನೆಯದನ್ನು, ಏಳನೆಯದು ಈ ಐದನೆಯದನ್ನೇ ಆಧರಿಸಿದೆ. ಯೂಕ್ಲಿಡ್‌ನ ಕ್ರಮದಲ್ಲಿ ನಡೆಯುವವನು ಐದನೆಯದಕ್ಕೆ ಆ ರೇಖೆಯನ್ನು ತಂದರೆ ಸುತ್ತಿ ಬಂದು ತನ್ನ ಹೆಗಲ ಮೇಲೆ ತಾನೇ ಕುಳಿತಂತೆ. ಹುಡುಗಿಯ ಸಾಧನೆಗೆ ಆ ಸಾಲವೇ ಬೇಕಾಗಿರಲಿಲ್ಲ.

ಅದೇ ವರ್ಷ ಗಜೇಂದ್ರಗಡಕ್ಕೆ ಹೋದೆವು. ಆಕೆ ಊರಿನಲ್ಲಿಯೇ ಮದುವೆಯಾಗಿ ಅತ್ತೆಯ ಮನೆಯ ಮಗ್ಗದಲ್ಲಿ ಕುಳಿತಿದ್ದಳು. ನಮ್ಮನ್ನು ಕಂಡು ಲಾಳಿ ಬಿಟ್ಟೆದ್ದು, ಶರಣೆಂದು, ಚಾಪೆ ಹಾಸಿ, ನೀರು ಕೊಟ್ಟಳು. ನಡೆದುದೆಲ್ಲವನ್ನೂ ಹೇಳಿದೆವು. ಅಂದು ನಿನ್ನ ಉತ್ತರ ಸರಿಯಿತ್ತು ತಂಗಿ, ತಪ್ಪು ನಮ್ಮದೆಂದೆವು.

ಆಕೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಮಡಿಸಿಟ್ಟಿದ್ದ ಪಟ್ಟೇದ ಅಂಚಿನ ಸೀರೆಯೊಂದನ್ನು ನಮ್ಮ ಮುಂದೆ ಹಾಸಿದಳು. "ಇದರ ಸುಲಟಾ ಮಗ್ಗಲ ಯಾವುದು ಹೇಳ್ರಿ ಸರ್?" ನಮಗೆ ತಿಳಿಯಲಿಲ್ಲ. ಆ ಸೀರೆಗೆ ಅಂಥ ಭೇದವಿಲ್ಲ, ಎರಡೂ ಮಗ್ಗುಲಿನಿಂದ ಉಡಬಹುದು. "ನಾ ಅವತ್ತ ಇದನ್ನs ನೆನಿಸಿಕೊಂಡು ಬರದಿದ್ದೆರೀ. ತಿರುವಿ ಹಾಕಿದ್ರೂ ಅದs ಆಗೂದಾದ್ರ ಎಡದ ಮೂಲಿ, ಬಲದ ಮೂಲಿ ಒಂದs ಅಲ್ಲೇನ್ರೀ?" ಎಂದಳು. ಬಾಗಿಲ ತನಕ ಬಂದು, ಹಿಂಜರಿಯುತ್ತ ಇನ್ನೊಂದು ಮಾತು ಸೇರಿಸಿದಳು.

"ಸೊನ್ನಿ ಹಾಕಿದ್ದಕ್ಕ ಬ್ಯಾಸರಿಲ್ರೀ ಸರ್. ಯಾಕ ತಪ್ಪು ಅಂತ ನೀವು ಬರೀಲಿಲ್ಲ."

ಪ್ರತಿ ಸಾಲಿಗೂ ಕಾರಣ ಬರೆಯಿರೆಂದು ವರ್ಷಗಟ್ಟಲೆ ಮಕ್ಕಳನ್ನು ಗದರಿದವರು ನಾವು. ನಮ್ಮ ಕೆಂಪು ಸೊನ್ನೆಯ ಬಲಗಡೆ ಬರಿದಾಗಿತ್ತು. ಅಂದಿನಿಂದ ನಿವೃತ್ತಿಯಾಗುವ ತನಕ, ಅಂಕ ಕಳೆದಲ್ಲೆಲ್ಲ ಏಕೆ ಕಳೆದೆವೆಂದು ಒಂದು ಸಾಲು ಬರೆದೆವು. ಇಬ್ಬರು ಮೂವರ ಉತ್ತರಗಳಲ್ಲಿ ಕಾರಣ ಬರೆಯಹೋಗಿ, ಕಾರಣ ಸಿಗದೆ, ಅಂಕವನ್ನು ತಿರುಗಿ ಕೊಡಬೇಕಾಯಿತು.

ನೆರೆಮನೆಯ ಮಗುವಿನ ಕೈಗೆ ಅಂದು ನಾವು ಕಾಗದವನ್ನೂ ಕತ್ತರಿಯನ್ನೂ ಕೊಟ್ಟೆವು. ಎರಡು ಬಾಹು ಸಮವಿರುವ ತ್ರಿಭುಜವನ್ನು ಕತ್ತರಿಸಿ, ಕತ್ತರಿಸಿದ ಕಂಡಿಯಲ್ಲಿ ಅದನ್ನು ಬೋರಲು ಹಾಕಿ ಕೂಡಿಸಲು ಹೇಳಿದೆವು. ಕೂತಿತು. ಮತ್ತೊಮ್ಮೆ ತಿರುವಿ ನೋಡಿತು. ಆಮೇಲೆ ತಾನೇ ಹಾಳೆ ತೆಗೆದುಕೊಂಡು, ಪಿಕ್ಯೂಆರ್ ಎಂದೇ ಹೆಸರಿಟ್ಟು, ಎಡಗಡೆ ಬಲಗಡೆ ಪಾಲು ಮಾಡಿ ನಾಲ್ಕು ಸಾಲು ಬರೆಯಿತು. ಬರೆದು ತಲೆ ಎತ್ತಿ ಕೇಳಿತು:

"ಅಜ್ಜಾರ, ಪರೀಕ್ಷಾದಾಗ ಹಿಂಗ ಬರದ್ರ ಮಾರ್ಕ್ಸ್ ಕೊಡತಾರೇನ್ರೀ?"

ತಕ್ಷಣಕ್ಕೆ ಏನು ಹೇಳಬೇಕೆಂದು ತೋಚಲಿಲ್ಲ. ಬಲಗಡೆಯ ಸಾಲುಗಳನ್ನು ಇನ್ನಷ್ಟು ಬಿಡಿಸಿ, ಸ್ಪಷ್ಟವಾಗಿ ಬರೆಯವ್ವಾ ಎಂದಷ್ಟೇ ಹೇಳಿದೆವು.